ಕಾಳ್ಗಿಚ್ಚಿನ ಡೇಟಾ ಕೈಕೊಟ್ಟಾಗ: ಉಪಗ್ರಹ ಮತ್ತು ಗಾಳಿ ಗುಣಮಟ್ಟದ ಅಂಕಿಗಳಿಗೆ ದೋಷ ನಿವಾರಣೆ ಕೈಪಿಡಿ

ಕಾಳ್ಗಿಚ್ಚಿನ ಅಧ್ಯಯನಕ್ಕೆ ಬೇಕಾದ ಡೇಟಾ ಬಹುಪಾಲು ಉಚಿತವಾಗಿಯೇ ಸಿಗುತ್ತದೆ. ಉಪಗ್ರಹ ಗುರುತಿಸಿದ ಬೆಂಕಿಯ ಚುಕ್ಕಿಗಳಿಗೆ ನಾಸಾದ ಫರ್ಮ್ಸ್, ಸುಟ್ಟ ಪ್ರದೇಶಕ್ಕೆ ಎಂಸಿಡಿ64ಎ1, ಹೊಗೆಗೆ ಮೇಯಾಕ್ ಮತ್ತು ಟ್ರೋಪೋಮಿ, ನೆಲಮಟ್ಟದ ಗಾಳಿಗೆ ಓಪನ್‌ಎಕ್ಯೂ, ಹವಾಮಾನಕ್ಕೆ ಇಆರ್‌ಎ5. ಕೆಲಸ ಕೆಡುವುದು ಹೆಚ್ಚಾಗಿ ಖಾಲಿ ಜಾಗಗಳಿಂದ. ಉಪಗ್ರಹ ನೋಡಿ ಬೆಂಕಿ ಇಲ್ಲವೆಂದು ತೀರ್ಮಾನಿಸಿದ್ದರೂ ಖಾಲಿ, ಮೋಡ ಅಡ್ಡ ಬಂದು ನೋಡಲಾಗದಿದ್ದರೂ ಖಾಲಿ, ಡೌನ್‌ಲೋಡ್ ಅರ್ಧಕ್ಕೆ ನಿಂತಿದ್ದರೂ ಖಾಲಿ. ಮೂರನ್ನೂ ಸೊನ್ನೆ ಎಂದು ಓದಿದರೆ ಫಲಿತಾಂಶ ತಪ್ಪುತ್ತದೆ, ತಪ್ಪಿದ್ದು ಗೊತ್ತೂ ಆಗುವುದಿಲ್ಲ. ಕೆಳಗಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಈ ಮೂರನ್ನು ಬೇರ್ಪಡಿಸುವುದಕ್ಕಾಗಿಯೇ ಇವೆ.

ಶುರು ಮಾಡುವ ಮುನ್ನ ಒಂದು ಪರೀಕ್ಷಾ ಚೌಕಟ್ಟನ್ನು ಇಟ್ಟುಕೊಳ್ಳಿ. ಬೆಂಕಿ ಇದ್ದೇ ಇತ್ತು ಎಂದು ಖಚಿತವಾಗಿರುವ ಸ್ಥಳ ಮತ್ತು ದಿನ ಬೇಕು. 2019ರ ಡಿಸೆಂಬರ್ ಕೊನೆಯಿಂದ 2020ರ ಜನವರಿ ಮೊದಲ ವಾರದವರೆಗಿನ ಆಗ್ನೇಯ ಆಸ್ಟ್ರೇಲಿಯಾ ಇದಕ್ಕೆ ಹೇಳಿ ಮಾಡಿಸಿದಂತಿದೆ: ರೇಖಾಂಶ 148ರಿಂದ 151 ಪೂರ್ವ, ಅಕ್ಷಾಂಶ 38ರಿಂದ 35 ದಕ್ಷಿಣ. ಆಗ ಮೋಡಿಸ್, ವೀರ್ಸ್, ಟ್ರೋಪೋಮಿ ಎಂಬ ಉಪಗ್ರಹ ಉಪಕರಣಗಳು, ಹಿಮಾವರಿ-8 ಉಪಗ್ರಹ ಎಲ್ಲವೂ ಕೆಲಸ ಮಾಡುತ್ತಿದ್ದವು. ಡೇಟಾ ಇಳಿಸುವ ನಿಮ್ಮ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಈ ಚೌಕಟ್ಟಿಗೂ ಖಾಲಿ ಉತ್ತರ ಕೊಟ್ಟರೆ ದೋಷ ನಿಮ್ಮ ಕಡೆಯದು. ಇಲ್ಲಿ ಸರಿಯಾಗಿ ಓಡಿ ನಿಮ್ಮ ಪ್ರದೇಶದಲ್ಲಿ ಮಾತ್ರ ಖಾಲಿ ಬಂದರೆ ಮುಂದಿನ ವಿಭಾಗಗಳು ಬೇಕಾಗುತ್ತವೆ.

ಇಳಿಸಿದ ಮೂಲ ಫೈಲುಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು, ಬರೆಯಲು ಬಾರದಂತೆ ಲಾಕ್ ಮಾಡಿ. ಸ್ವಚ್ಛಗೊಳಿಸುವುದು, ಪರಿವರ್ತಿಸುವುದೆಲ್ಲ ನಕಲಿನ ಮೇಲೆ ಆಗಲಿ.

ಫೈಲ್ ಇಳಿದಿದೆ, ಆದರೆ ತೆರೆಯುತ್ತಿಲ್ಲ

ಮೊದಲು ಫೈಲಿನ ಗಾತ್ರ ನೋಡಿ. ಹಲವು ಮೆಗಾಬೈಟ್ ಇರಬೇಕಾದದ್ದು ಕೆಲವೇ ಕಿಲೋಬೈಟ್ ಇದ್ದರೆ ಅದು ಡೇಟಾ ಅಲ್ಲ, ಲಾಗಿನ್ ಪುಟ. ಸಾಮಾನ್ಯ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ನೋಡಿ. ಮೊದಲ ಸಾಲಿನಲ್ಲೇ ಎಚ್‌ಟಿಎಂಎಲ್ ಕಂಡರೆ ಸಂಶಯ ಬೇಡ. ನಾಸಾ ಡೇಟಾಕ್ಕೆ ಅರ್ಥ್‌ಡೇಟಾ ಲಾಗಿನ್ ಬೇಕು. ಅದಿಲ್ಲದೆ ಕೇಳಿದರೆ ಸರ್ವರ್ ಲಾಗಿನ್ ಪುಟಕ್ಕೆ ತಿರುಗಿಸುತ್ತದೆ, ನಿಮ್ಮ ಸ್ಕ್ರಿಪ್ಟ್ ಅದನ್ನೇ ಎಚ್‌ಡಿಎಫ್ (ಉಪಗ್ರಹ ಡೇಟಾದ ಫೈಲ್ ಮಾದರಿ) ಎಂಬ ಹೆಸರಿನಲ್ಲಿ ಉಳಿಸುತ್ತದೆ. ಡೌನ್‌ಲೋಡ್ ಯಶಸ್ವಿ ಎಂಬ ಸಂದೇಶವೂ ಬಂದಿರುತ್ತದೆ.

ಖಾತೆಯ ಹೆಸರು, ಪಾಸ್‌ವರ್ಡ್ ಇರುವ ನೆಟ್‌ಆರ್‌ಸಿ ಫೈಲ್ ಹೋಮ್ ಫೋಲ್ಡರಿನಲ್ಲಿದೆಯೇ, ಅದನ್ನು ಓದುವ ಅನುಮತಿ ನಿಮಗೆ ಮಾತ್ರ ಇದೆಯೇ ನೋಡಿ. ಪಾಸ್‌ವರ್ಡ್ ಬದಲು ಟೋಕನ್ ಬಳಸುತ್ತಿದ್ದರೆ ಅದರ ಆಯಸ್ಸು 60 ದಿನ. ಎರಡು ತಿಂಗಳು ಚೆನ್ನಾಗಿ ಓಡಿ ನಿಂತ ಸ್ಕ್ರಿಪ್ಟಿಗೆ ಇದೇ ಸಾಮಾನ್ಯ ಕಾರಣ. ಹೊಸದಾಗಿ ಬರೆಯುವವರು ಪೈಥಾನಿನ ಅರ್ಥ್‌ಆ್ಯಕ್ಸೆಸ್ ಲೈಬ್ರರಿ ಬಳಸುವುದು ಒಳ್ಳೆಯದು, ಲಾಗಿನ್ ತಿರುಗಾಟವನ್ನೆಲ್ಲ ಅದೇ ನೋಡಿಕೊಳ್ಳುತ್ತದೆ.

ಗಾತ್ರ ಸರಿಯಿದ್ದೂ ತೆರೆಯದಿದ್ದರೆ ಫೈಲ್ ಅರ್ಧ ಇಳಿದಿರಬಹುದು. ಚೆಕ್‌ಸಮ್ (ಫೈಲ್ ಪೂರ್ತಿ ಬಂದಿದೆಯೇ ಎಂದು ತಿಳಿಸುವ ಸಂಕೇತ) ಕೊಟ್ಟಿದ್ದರೆ ಹೋಲಿಸಿ, ಇಲ್ಲವಾದರೆ ಅದೊಂದನ್ನೇ ಮತ್ತೆ ಇಳಿಸಿ. ಹಳೆಯ ಮೋಡಿಸ್ ಫೈಲುಗಳು ಎಚ್‌ಡಿಎಫ್4 ಮಾದರಿಯವು, ವೀರ್ಸ್‌ನ ಹಲವು ಫೈಲುಗಳು ಎಚ್‌ಡಿಎಫ್5 ಅಥವಾ ನೆಟ್‌ಸಿಡಿಎಫ್4. ಎಚ್‌ಡಿಎಫ್4 ಓದುವ ಲೈಬ್ರರಿ ಸಾಮಾನ್ಯವಾಗಿ ಎಚ್‌ಡಿಎಫ್5 ಓದುವುದಿಲ್ಲ.

ನಿನ್ನೆಯವರೆಗೆ ಓಡುತ್ತಿದ್ದ ಸ್ಕ್ರಿಪ್ಟ್ ಇಂದು ನಿಂತಿದೆ

ಸರ್ವರ್ ಕೊಡುವ ಮೂರಂಕಿಯ ಸಂಖ್ಯೆಯೇ ಅರ್ಧ ಉತ್ತರ. 401 ಬಂದರೆ ನಿಮ್ಮ ಗುರುತು ಒಪ್ಪಿಗೆಯಾಗಿಲ್ಲ: ಕೀ (ಸೇವೆ ನಿಮಗೆ ಕೊಟ್ಟ ಗುರುತಿನ ಸಂಕೇತ), ಪಾಸ್‌ವರ್ಡ್ ತಪ್ಪು ಅಥವಾ ಅವಧಿ ಮುಗಿದಿದೆ. 403 ಎಂದರೆ ಸಾಮಾನ್ಯವಾಗಿ ಗುರುತು ಸಿಕ್ಕಿದೆ, ಅನುಮತಿ ಇಲ್ಲ. ವೆಬ್‌ಸೈಟಿಗೆ ಹೋಗಿ ಆ ಡೇಟಾದ ಪರವಾನಗಿ ಷರತ್ತನ್ನು ಒಮ್ಮೆ ಒಪ್ಪಬೇಕಾಗಿರುತ್ತದೆ. ಯುರೋಪಿನ ಕೋಪರ್ನಿಕಸ್ ಹವಾಮಾನ ಭಂಡಾರದಲ್ಲಿ ಇದು ಪದೇ ಪದೇ ಎದುರಾಗುತ್ತದೆ. 404 ಬಂದರೆ ವಿಳಾಸ ಬದಲಾಗಿದೆ, 410 ಬಂದರೆ ಆ ಸೇವೆಯನ್ನೇ ಮುಚ್ಚಿದ್ದಾರೆ. 429 ಎಂದರೆ ಮಿತಿಗಿಂತ ಹೆಚ್ಚು ಬಾರಿ ಕೇಳಿದ್ದೀರಿ. ಫರ್ಮ್ಸ್‌ನಲ್ಲಿ ಒಂದು ಕೀಗೆ 10 ನಿಮಿಷಕ್ಕೆ 5000 ವ್ಯವಹಾರಗಳ ಮಿತಿ ಇದೆ, ದೊಡ್ಡ ಪ್ರದೇಶದ ಒಂದೇ ಕೋರಿಕೆಯನ್ನು ಹಲವು ವ್ಯವಹಾರಗಳಾಗಿ ಲೆಕ್ಕ ಹಾಕಬಹುದು. 500ರ ಮೇಲಿನ ಸಂಖ್ಯೆಗಳು ಅವರ ಕಡೆಯ ತೊಂದರೆ. ಕೋಡ್ ತಿದ್ದಲು ಹೋಗಬೇಡಿ, ಕಾಯಿರಿ.

ಅಂತರ್ಜಾಲದಲ್ಲಿ ಸಿಗುವ ಹಳೆಯ ಮಾದರಿ ಕೋಡುಗಳು ಈಗ ಓಡದಿರಲು ಕೆಲವು ನಿರ್ದಿಷ್ಟ ಕಾರಣಗಳಿವೆ. ಯುರೋಪಿನ ಸೆಂಟಿನೆಲ್ ಉಪಗ್ರಹ ಚಿತ್ರಗಳ ಹಳೆಯ ಓಪನ್ ಆ್ಯಕ್ಸೆಸ್ ಹಬ್ 2023ರ ಅಕ್ಟೋಬರ್ ಕೊನೆಗೆ ಮುಚ್ಚಿತು. ಈಗ ಕೋಪರ್ನಿಕಸ್ ಡೇಟಾ ಸ್ಪೇಸ್‌ಗೇ ಹೋಗಬೇಕು, ಹೊಸ ಖಾತೆ ತೆರೆಯಬೇಕು. ಇಆರ್‌ಎ5 ಸಿಗುವ ಹವಾಮಾನ ಭಂಡಾರ 2024ರ ಸೆಪ್ಟೆಂಬರಿನಲ್ಲಿ ಹೊಸ ವ್ಯವಸ್ಥೆಗೆ ಬದಲಾಯಿತು. ಹಳೆಯ ಕೀ ಮತ್ತು ವಿಳಾಸ ಎರಡೂ ನಡೆಯವು. ಓಪನ್‌ಎಕ್ಯೂನ ಮೊದಲ ಮತ್ತು ಎರಡನೆಯ ಆವೃತ್ತಿಯ ಎಪಿಐಗಳನ್ನು (ಸ್ಕ್ರಿಪ್ಟ್ ಡೇಟಾ ಕೇಳುವ ದ್ವಾರಗಳು) 2025ರ ಜನವರಿ 31ರಂದು ನಿಲ್ಲಿಸಲಾಯಿತು. ಮೂರನೆಯದಕ್ಕೆ ಕೀ ಕಡ್ಡಾಯ. ಅಮೆರಿಕದ ಹವಾಮಾನ ಉಪಗ್ರಹ ಗೋಸ್-16ರ ಜಾಗಕ್ಕೆ 2025ರ ಏಪ್ರಿಲ್ 7ರಂದು ಗೋಸ್-19 ಬಂದಿತು, ಆದ್ದರಿಂದ ಗೋಸ್-16ರ ಫೋಲ್ಡರಿನಲ್ಲಿ ಹುಡುಕುವ ಸ್ಕ್ರಿಪ್ಟ್ ಆ ದಿನದ ನಂತರ ಏನನ್ನೂ ಕಾಣುವುದಿಲ್ಲ. ಈ ಕೊನೆಯದು ಅಪಾಯಕಾರಿ. ಯಾವ ದೋಷ ಸಂದೇಶವೂ ಇಲ್ಲದೆ ಬೆಂಕಿಗಳ ಸಂಖ್ಯೆ ಸೊನ್ನೆಗೆ ಇಳಿದಿರುತ್ತದೆ.

ಬೆಂಕಿ ಇತ್ತೆಂದು ಗೊತ್ತಿದೆ, ಡೇಟಾದಲ್ಲಿ ಒಂದು ಚುಕ್ಕಿಯೂ ಇಲ್ಲ

ಅತಿ ಹೆಚ್ಚು ತಪ್ಪು ತೀರ್ಮಾನಗಳು ಹುಟ್ಟುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಹೋಗೋಣ.

ಮೊದಲನೆಯದಾಗಿ ಚೌಕಟ್ಟಿನ ಕ್ರಮ, ಅಂದರೆ ಪ್ರದೇಶದ ನಾಲ್ಕು ಅಂಚುಗಳನ್ನು ಬರೆಯುವ ಕ್ರಮ. ಫರ್ಮ್ಸ್ ಕೇಳುವುದು ಪಶ್ಚಿಮ, ದಕ್ಷಿಣ, ಪೂರ್ವ, ಉತ್ತರ ಎಂಬ ಕ್ರಮದಲ್ಲಿ. ಇಆರ್‌ಎ5 ಕೇಳುವುದು ಉತ್ತರ, ಪಶ್ಚಿಮ, ದಕ್ಷಿಣ, ಪೂರ್ವ. ಒಂದರ ಸಾಲನ್ನು ಇನ್ನೊಂದಕ್ಕೆ ನಕಲು ಮಾಡಿದರೆ ಸಮುದ್ರದ ಮಧ್ಯದ ಡೇಟಾ ಬರಬಹುದು. ಫಲಿತಾಂಶವನ್ನು ನಕ್ಷೆಯ ಮೇಲೆ ಒಮ್ಮೆ ಹಾಕಿ ನೋಡಿದರೆ ಇದು ತಕ್ಷಣ ಸಿಕ್ಕಿಬೀಳುತ್ತದೆ.

ಎರಡನೆಯದು ಸಮಯ. ಎಲ್ಲ ಸಮಯವೂ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣಿತ ಸಮಯದಲ್ಲಿ ಇರುತ್ತದೆ. ಅಮೆರಿಕ ಖಂಡದ ಪಶ್ಚಿಮ ಕರಾವಳಿಯಲ್ಲಿ ಸಂಜೆ ಹೊತ್ತಿಕೊಂಡ ಬೆಂಕಿ ಯುಟಿಸಿಯಲ್ಲಿ ಮರುದಿನದ ತಾರೀಖಿನಡಿ ಇರುತ್ತದೆ. ಜೊತೆಗೆ ಸಿಎಸ್‌ವಿ ಫೈಲಿನಲ್ಲಿ ಸಮಯ ಗಂಟೆ-ನಿಮಿಷಗಳ ನಾಲ್ಕಂಕಿಯಾಗಿರುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ತೆರೆದರೆ ಮೊದಲಿನ ಸೊನ್ನೆಗಳು ಅಳಿದು 0045 ಎಂಬುದು 45 ಆಗುತ್ತದೆ. ಅದು ಮಧ್ಯರಾತ್ರಿ ದಾಟಿ 45 ನಿಮಿಷ. ಆ ಕಾಲಂ ಅನ್ನು ಅಕ್ಷರವಾಗಿಯೇ ಓದಿಸಿ, ನಾಲ್ಕಂಕಿಗೆ ಸೊನ್ನೆ ತುಂಬಿಸಿ.

ಮೂರನೆಯದು ಉಪಗ್ರಹ ಆ ಹೊತ್ತಿಗೆ ಅಲ್ಲಿತ್ತೇ ಎಂಬುದು. ವೀರ್ಸ್ ಹೊತ್ತ ಉಪಗ್ರಹಗಳು ಸ್ಥಳೀಯ ಸಮಯ ಮಧ್ಯಾಹ್ನ ಮತ್ತು ರಾತ್ರಿ ಸುಮಾರು 1:30ಕ್ಕೆ ಹಾದುಹೋಗುತ್ತವೆ. ಸಂಜೆ ನಾಲ್ಕಕ್ಕೆ ಹೊತ್ತಿ ರಾತ್ರಿ ಒಂಬತ್ತಕ್ಕೆ ಆರಿದ ಹುಲ್ಲುಗಾವಲಿನ ಬೆಂಕಿಯನ್ನು ಅವು ಕಾಣುವುದೇ ಇಲ್ಲ. ಮೋಡಿಸ್‌ಗೆ ಇನ್ನೊಂದು ಮಿತಿ ಇದೆ: ಅದು ನೋಡುವ ಪಟ್ಟಿಯ ಅಗಲ 2330 ಕಿ.ಮೀ., ಆದ್ದರಿಂದ ಭೂಮಧ್ಯರೇಖೆಯ ಹತ್ತಿರ ಪಟ್ಟಿಗಳ ನಡುವೆ ಪ್ರತಿದಿನ ಅಂತರ ಉಳಿಯುತ್ತದೆ. ಸುಮಾರು 3000 ಕಿ.ಮೀ. ಅಗಲದ ವೀರ್ಸ್‌ಗೆ ಈ ತೊಂದರೆ ಇಲ್ಲ. ಅಲ್ಪಾಯುಷಿ ಬೆಂಕಿಗಳು ಬೇಕಿದ್ದರೆ ಒಂದೇ ಜಾಗದ ಮೇಲೆ ನಿಂತಂತಿರುವ ಭೂಸ್ಥಿರ ಉಪಗ್ರಹಗಳಿಗೆ ಹೋಗಿ. ಹಿಮಾವರಿ ಮತ್ತು ಗೋಸ್ ಪೂರ್ಣ ಭೂಬಿಂಬವನ್ನು 10 ನಿಮಿಷಕ್ಕೊಮ್ಮೆ ನೋಡುತ್ತವೆ, ಆದರೆ ಪಿಕ್ಸೆಲ್ 2 ಕಿ.ಮೀ. ಇರುವುದರಿಂದ ಸಣ್ಣ ಬೆಂಕಿ ಅಲ್ಲಿಯೂ ತಪ್ಪುತ್ತದೆ.

ನಾಲ್ಕನೆಯದು ಉಪಕರಣ ನಿಂತ ದಿನಗಳು. ಆ್ಯಕ್ವಾ ಉಪಗ್ರಹದ ಮೋಡಿಸ್ ಡೇಟಾ 2020ರ ಆಗಸ್ಟ್ 16ರಿಂದ ಸೆಪ್ಟೆಂಬರ್ 2ರವರೆಗೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಿಡಿಲಿನಿಂದ ಭಾರಿ ಕಾಳ್ಗಿಚ್ಚುಗಳು ಹೊತ್ತಿಕೊಂಡ ದಿನಗಳೇ ಅವು. ಸುವೋಮಿ ಎನ್‌ಪಿಪಿ ಉಪಗ್ರಹದ ವೀರ್ಸ್ 2022ರ ಜುಲೈ ಕೊನೆಯಿಂದ ಆಗಸ್ಟ್ 10ರ ಸುಮಾರಿನವರೆಗೆ ನಿಂತಿತ್ತು. ದೀರ್ಘಾವಧಿಯ ಸರಣಿ ಕಟ್ಟುವವರು ಇಂಥ ಅಂತರಗಳ ಪಟ್ಟಿಯನ್ನು ಡೇಟಾ ಪುಟದಿಂದ ಮೊದಲೇ ತೆಗೆದಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಸರಿಯಿದ್ದೂ ಚುಕ್ಕಿ ಇಲ್ಲದಿದ್ದರೆ ಉಳಿಯುವುದು ಮೋಡ ಮತ್ತು ದಟ್ಟ ಹೊಗೆ. ನಾಸಾದ ವರ್ಲ್ಡ್‌ವ್ಯೂ ಜಾಲತಾಣದಲ್ಲಿ ಆ ದಿನದ ಬಣ್ಣದ ಚಿತ್ರ ನೋಡುವುದು ಅತಿ ಅಗ್ಗದ ಪರೀಕ್ಷೆ, ಒಂದು ನಿಮಿಷದ ಕೆಲಸ. ಸಂಶೋಧನೆಗೆ ಅಷ್ಟು ಸಾಲದು. ಫರ್ಮ್ಸ್‌ನ ಸಿಎಸ್‌ವಿ ಬೆಂಕಿ ಕಂಡ ಪಿಕ್ಸೆಲ್‌ಗಳನ್ನು ಮಾತ್ರ ಕೊಡುತ್ತದೆ. ಕಾಣದಿರುವುದಕ್ಕೆ ಕಾರಣ ಅದರಲ್ಲಿಲ್ಲ. ಕಾರಣ ಬೇಕಿದ್ದರೆ ಮೂಲ ಫೈಲಿನ ಫೈರ್ ಮಾಸ್ಕ್ ಪದರವನ್ನೇ ತೆರೆಯಬೇಕು: ಮೋಡಿಸ್‌ಗೆ ಎಂಒಡಿ14 ಮತ್ತು ಎಂವೈಡಿ14, ವೀರ್ಸ್‌ಗೆ ವಿಎನ್‌ಪಿ14ಐಎಂಜಿ. ಅದರಲ್ಲಿ 3 ಎಂದರೆ ನೀರು, 4 ಮೋಡ, 5 ಬೆಂಕಿ ಇಲ್ಲದ ನೆಲ, 6 ನಿರ್ಧರಿಸಲಾಗದ್ದು. 7, 8, 9 ಕ್ರಮವಾಗಿ ಕಡಿಮೆ, ಸಾಧಾರಣ ಮತ್ತು ಹೆಚ್ಚು ಭರವಸೆಯ ಬೆಂಕಿ. 5 ಇದ್ದಲ್ಲಿ ಮಾತ್ರ ನೋಡಲಾಯಿತು, ಬೆಂಕಿ ಕಾಣಲಿಲ್ಲ ಎಂದು ಬರೆಯಬಹುದು. 4 ಮತ್ತು 6 ಇದ್ದಲ್ಲಿ ಡೇಟಾ ಇಲ್ಲ ಎಂದೇ ಬರೆಯಬೇಕು. ಬೆಂಕಿಯ ಪ್ರಮಾಣವನ್ನು ಮೋಡವಿಲ್ಲದ ನೆಲದ ಪಿಕ್ಸೆಲ್‌ಗಳಿಗೆ ಭಾಗಿಸಿ ಹೇಳದ ಹೋಲಿಕೆಗಳನ್ನು, ಅದರಲ್ಲೂ ಮಳೆಗಾಲದ ಅಂಚಿನ ತಿಂಗಳುಗಳಲ್ಲಿ, ನಂಬುವುದು ಕಷ್ಟ.

ದಟ್ಟ ಕಾಡಿನ ಕೊಡೆಯ ಕೆಳಗೆ ನೆಲದ ತರಗೆಲೆ ಮಾತ್ರ ಉರಿಯುವ ಬೆಂಕಿಯೂ ಕಾಣದೆ ಹೋಗುತ್ತದೆ. ಇದಕ್ಕೆ ಉಪಗ್ರಹದಲ್ಲಿ ಪರಿಹಾರವಿಲ್ಲ, ನೆಲದ ದಾಖಲೆಯೇ ಬೇಕು.

ಬೆಂಕಿ ಇಲ್ಲದ ಕಡೆ ಚುಕ್ಕಿಗಳಿವೆ

ಒಂದೇ ಜಾಗದಲ್ಲಿ ವರ್ಷವಿಡೀ ಚುಕ್ಕಿ ಬಂದರೆ ಅದು ಉಕ್ಕಿನ ಕಾರ್ಖಾನೆ, ತೈಲಬಾವಿಯ ಅನಿಲ ಜ್ವಾಲೆ, ಇಟ್ಟಿಗೆ ಗೂಡು ಅಥವಾ ಜ್ವಾಲಾಮುಖಿ. ಫರ್ಮ್ಸ್‌ನ ಸಂಗ್ರಹ ಡೇಟಾದಲ್ಲಿ ಟೈಪ್ ಎಂಬ ಕಾಲಂ ಇದೆ: 0 ಸಸ್ಯವರ್ಗದ ಬೆಂಕಿ ಇರಬಹುದು, 1 ಜ್ವಾಲಾಮುಖಿ, 2 ನೆಲದ ಇತರ ಸ್ಥಿರ ಮೂಲ, 3 ಸಮುದ್ರದಲ್ಲಿರುವುದು. 0 ಮಾತ್ರ ಉಳಿಸಿಕೊಳ್ಳಿ. ಆಗಿಂದಾಗ ಬರುವ ತ್ವರಿತ ಡೇಟಾದಲ್ಲಿ ಈ ಕಾಲಂ ಇರುವುದಿಲ್ಲ, ಆದ್ದರಿಂದ ಪ್ರಕಟಣೆಗೆ ಹೋಗುವ ವಿಶ್ಲೇಷಣೆಯನ್ನು ಸಂಗ್ರಹ ಆವೃತ್ತಿಯಿಂದ ಮತ್ತೆ ಓಡಿಸಬೇಕು.

ಹಗಲಿನಲ್ಲಿ ನೀರಿನ ಅಂಚು, ದೊಡ್ಡ ಛಾವಣಿ, ಸೌರ ಫಲಕಗಳ ಬಳಿ ಒಂಟಿ ಚುಕ್ಕಿ ಕಂಡರೆ ಅದು ಬಿಸಿಲಿನ ಪ್ರತಿಫಲನ ಇರಬಹುದು. ವೀರ್ಸ್ ಇಂಥವನ್ನು ಹೆಚ್ಚಾಗಿ ಕಡಿಮೆ ಭರವಸೆ ಎಂದು ಗುರುತಿಸುತ್ತದೆ. ಆದರೆ ಕಡಿಮೆ ಭರವಸೆಯವನ್ನೆಲ್ಲ ಕಣ್ಣುಮುಚ್ಚಿ ತೆಗೆದರೆ ಸಣ್ಣ, ತಣ್ಣನೆಯ ನಿಜ ಬೆಂಕಿಗಳೂ ಹೋಗುತ್ತವೆ. ಹೊಲದ ಕೂಳೆ ಸುಡುವಿಕೆಯ ಅಧ್ಯಯನದಲ್ಲಿ ಇದು ದೊಡ್ಡ ನಷ್ಟ. ತೆಗೆದು ಒಮ್ಮೆ, ಇಟ್ಟುಕೊಂಡು ಒಮ್ಮೆ ಓಡಿಸಿ ವ್ಯತ್ಯಾಸ ಎಷ್ಟೆಂದು ವರದಿ ಮಾಡಿ. ಇನ್ನೊಂದು ಗೊಂದಲ: ಮೋಡಿಸ್‌ನಲ್ಲಿ ಭರವಸೆ 0ರಿಂದ 100ರ ಸಂಖ್ಯೆ, ವೀರ್ಸ್‌ನಲ್ಲಿ ಮೂರು ದರ್ಜೆಗಳ ಅಕ್ಷರ. ಎರಡಕ್ಕೂ ಒಂದೇ ಶೋಧಕ ಹಾಕಿದರೆ ಒಂದು ಉಪಕರಣದ ಡೇಟಾ ಪೂರ್ತಿ ಮಾಯವಾಗಬಹುದು.

ಚುಕ್ಕಿ ರಸ್ತೆಯ ಈಚೆ ಬಿದ್ದಿದೆ, ಬೆಂಕಿ ಆಚೆ ಇತ್ತು ಎಂಬುದು ದೋಷವೇ ಅಲ್ಲ. ಚುಕ್ಕಿ ಪಿಕ್ಸೆಲ್‌ನ ನಡುಬಿಂದು ಅಷ್ಟೇ. ನೇರ ಕೆಳಗೆ ನೋಡುವಾಗ ವೀರ್ಸ್ ಪಿಕ್ಸೆಲ್ 375 ಮೀಟರ್, ಮೋಡಿಸ್‌ನದು 1 ಕಿ.ಮೀ.; ಪಟ್ಟಿಯ ಅಂಚಿನಲ್ಲಿ ಮೋಡಿಸ್ ಪಿಕ್ಸೆಲ್ ಸುಮಾರು 2 × 4.8 ಕಿ.ಮೀ.ಗೆ ಹಿಗ್ಗುತ್ತದೆ. ಸ್ಕ್ಯಾನ್ ಮತ್ತು ಟ್ರ್ಯಾಕ್ ಕಾಲಂಗಳು ಆ ಪಿಕ್ಸೆಲ್‌ನ ನಿಜ ಗಾತ್ರ ಹೇಳುತ್ತವೆ.

ಯಾವುದೋ ಒಂದು ವರ್ಷದಿಂದ ಮುಂದಕ್ಕೆ ಬೆಂಕಿಗಳ ಸಂಖ್ಯೆ ದಿಢೀರನೆ ಏರಿದೆ

ಕಾಡು ನೋಡುವ ಮೊದಲು ಉಪಗ್ರಹಗಳನ್ನು ಎಣಿಸಿ. ವೀರ್ಸ್ ಹೊತ್ತ ಸುವೋಮಿ ಎನ್‌ಪಿಪಿ ಹಾರಿದ್ದು 2011ರ ಅಕ್ಟೋಬರಿನಲ್ಲಿ, ನೋವಾ-20 2017ರ ನವೆಂಬರಿನಲ್ಲಿ, ನೋವಾ-21 2022ರ ನವೆಂಬರಿನಲ್ಲಿ. ಎಲ್ಲವನ್ನೂ ಕೂಡಿಸಿದ ಸರಣಿಯಲ್ಲಿ ಹೊಸ ಕಣ್ಣು ಸೇರಿದಾಗಲೆಲ್ಲ ಏರಿಕೆ ಬರುತ್ತದೆ. ಪ್ರವೃತ್ತಿ ಬೇಕಿದ್ದರೆ ಒಂದೇ ಉಪಕರಣದ, ಒಂದೇ ಆವೃತ್ತಿಯ ಸರಣಿಯನ್ನು ಹಿಡಿಯಿರಿ. ಮೋಡಿಸ್ ಮತ್ತು ವೀರ್ಸ್ ಸಂಖ್ಯೆಗಳನ್ನು ಒಂದೇ ರೇಖೆಯಲ್ಲಿ ಜೋಡಿಸಬೇಡಿ. ಸಣ್ಣ ಪಿಕ್ಸೆಲ್ ಒಂದೇ ಬೆಂಕಿಯನ್ನು ಹಲವು ಚುಕ್ಕಿಗಳಾಗಿ ಒಡೆಯುತ್ತದೆ.

ಒಂದೇ ಉಪಗ್ರಹದಲ್ಲೂ ಬಲೆ ಇದೆ. ಮೋಡಿಸ್ ಹೊತ್ತ ಟೆರಾ ಉಪಗ್ರಹ ತನ್ನ ಹಾದಿಯನ್ನು ಸರಿಪಡಿಸಿಕೊಳ್ಳುವುದನ್ನು 2020ರಲ್ಲಿ ನಿಲ್ಲಿಸಿತು, ಆ್ಯಕ್ವಾ ಅದರ ನಂತರ. ಟೆರಾ ಹಾದುಹೋಗುವ ಹೊತ್ತು ಬೆಳಿಗ್ಗೆ 10:30ಕ್ಕಿಂತ ಮುಂಚೆ ಸರಿಯುತ್ತಿದೆ, ಆ್ಯಕ್ವಾದ್ದು ಮಧ್ಯಾಹ್ನ 1:30ಕ್ಕಿಂತ ತಡವಾಗುತ್ತಿದೆ. ಬೆಂಕಿಗೆ ದಿನದ ಏರಿಳಿತ ಇರುವುದರಿಂದ, ಬೆಂಕಿ ಬದಲಾಗದಿದ್ದರೂ ಟೆರಾದ ಎಣಿಕೆ ಇಳಿಯಬಹುದು. ಇತ್ತೀಚಿನ ವರ್ಷಗಳ ಮೋಡಿಸ್ ಪ್ರವೃತ್ತಿಯನ್ನು ವೀರ್ಸ್ ಜೊತೆ ಹೋಲಿಸದೆ ಪ್ರಕಟಿಸಬೇಡಿ.

ಸುಟ್ಟ ಪ್ರದೇಶದ ನಕ್ಷೆಯಲ್ಲಿ ಅರ್ಥವಿಲ್ಲದ ಬೆಲೆಗಳು

ಎಂಸಿಡಿ64ಎ1ನಲ್ಲಿ ಪಿಕ್ಸೆಲ್ ಬೆಲೆ ವರ್ಷದ ಎಷ್ಟನೆಯ ದಿನ ಸುಟ್ಟಿತು ಎಂಬುದು: 1ರಿಂದ 366. 0 ಎಂದರೆ ಸುಟ್ಟಿಲ್ಲ, −1 ಎಂದರೆ ಡೇಟಾ ಸಾಲದು, −2 ನೀರು. ಇಲ್ಲಿಯೂ −1 ಮತ್ತು 0 ಬೇರೆ ಬೇರೆ ಎಂಬುದನ್ನು ಬಿಡಬೇಡಿ. ನಕ್ಷೆಯನ್ನು ಬೇರೆ ಗ್ರಿಡ್‌ಗೆ ಮರುಜೋಡಿಸುವಾಗ ಬೈಲೀನಿಯರ್ (ಪಕ್ಕದ ಬೆಲೆಗಳ ಸರಾಸರಿ ತೆಗೆಯುವ) ವಿಧಾನ ಬಳಸಿದರೆ ದಿನ 240ರಲ್ಲಿ ಸುಟ್ಟ ಪಿಕ್ಸೆಲ್ ಮತ್ತು ಪಕ್ಕದ 0ರ ನಡುವೆ 120 ಎಂಬ ಬೆಲೆ ಹುಟ್ಟುತ್ತದೆ. ಆಗಸ್ಟ್ ಕೊನೆಯ ಬೆಂಕಿಯ ಸುತ್ತ ಏಪ್ರಿಲ್ 30ರ ಸುಳ್ಳು ಉಂಗುರ ಕಂಡರೆ ಕಾರಣ ಇದೇ. ಸಮೀಪದ ನೆರೆಯ ವಿಧಾನ, ಅಂದರೆ ನಿಯರೆಸ್ಟ್ ನೇಬರ್ ಮಾತ್ರ ಬಳಸಿ.

ನಕ್ಷೆ ಓರೆಯಾಗಿ ಜಾರಿದಂತೆ ಕಂಡರೆ ಸೈನುಸಾಯ್ಡಲ್ ಪ್ರಕ್ಷೇಪವನ್ನು (ಗೋಳವನ್ನು ಸಮತಟ್ಟು ನಕ್ಷೆಯಾಗಿಸುವ ಒಂದು ವಿಧಾನ) ಸಾಮಾನ್ಯ ಅಕ್ಷಾಂಶ-ರೇಖಾಂಶವೆಂದು ಓದಿದ್ದೀರಿ. ಮೋಡಿಸ್ ಗ್ರಿಡ್‌ನಲ್ಲಿ ಭೂಮಿ 6371007.181 ಮೀಟರ್ ತ್ರಿಜ್ಯದ ಗೋಳ. 500 ಮೀಟರ್ ಎನ್ನುವ ಪಿಕ್ಸೆಲ್ ನಿಜವಾಗಿ 463.3 ಮೀಟರ್, ಅಂದರೆ ಸುಮಾರು 21.5 ಹೆಕ್ಟೇರ್, 25 ಹೆಕ್ಟೇರ್ ಎಂದು ಗುಣಿಸಿದರೆ ಲೆಕ್ಕ ಶೇ 16ರಷ್ಟು ಉಬ್ಬುತ್ತದೆ. ಇದಕ್ಕಿಂತ ಚಿಕ್ಕ ಸುಟ್ಟ ತುಂಡುಗಳಿಗೆ 20 ಮೀಟರಿನ ಸೆಂಟಿನೆಲ್-2 ಅಥವಾ 30 ಮೀಟರಿನ ಲ್ಯಾಂಡ್‌ಸ್ಯಾಟ್ ಬೇಕು.

ಸೆಂಟಿನೆಲ್-2ರಲ್ಲಿ ಸುಡದ ಕಾಡೂ ಲಘುವಾಗಿ ಸುಟ್ಟಂತೆ ಕಂಡರೆ ಚಿತ್ರಗಳ ಸಂಸ್ಕರಣಾ ಆವೃತ್ತಿ ನೋಡಿ. 2022ರ ಜನವರಿ 25ರಂದು ಬಂದ 04.00 ಆವೃತ್ತಿಯಿಂದ ಪ್ರತಿ ಬೆಲೆಗೆ 1000 ಸೇರಿದೆ. ಅದನ್ನು ಕಳೆದ ಮೇಲೆಯೇ 10000ದಿಂದ ಭಾಗಿಸಬೇಕು. ಮರೆತರೆ ಏನಾಗುತ್ತದೆ? ಹಸಿರು ಕಾಡಿನ ಬೆಲೆ ಹತ್ತಿರದ ಇನ್‌ಫ್ರಾರೆಡ್‌ನಲ್ಲಿ 3000, ಕಿರುತರಂಗ ಇನ್‌ಫ್ರಾರೆಡ್‌ನಲ್ಲಿ 1000 ಎಂದಿಟ್ಟುಕೊಳ್ಳಿ. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಸಿಗುವ ಸುಡುವಿಕೆಯ ಸೂಚ್ಯಂಕ ಎನ್‌ಬಿಆರ್ 0.50. ಅದೇ ಕಾಡು ಹೊಸ ಚಿತ್ರದಲ್ಲಿ 4000 ಮತ್ತು 2000 ಆಗಿ 0.33 ಕೊಡುತ್ತದೆ. ವ್ಯತ್ಯಾಸ 0.17, ಲಘು ತೀವ್ರತೆಯ ದರ್ಜೆಗೆ ಸೇರುವಷ್ಟು. ಹಳೆಯ ದಿನಾಂಕದ ಚಿತ್ರಗಳನ್ನೂ ಮರುಸಂಸ್ಕರಿಸಿರುವುದರಿಂದ ದಿನಾಂಕವನ್ನು ನಂಬದೆ ಮೆಟಾಡೇಟಾದಲ್ಲಿ ಆವೃತ್ತಿಯನ್ನೇ ಓದಿ. ಲ್ಯಾಂಡ್‌ಸ್ಯಾಟ್ ಕಲೆಕ್ಷನ್ 2ರಲ್ಲಿ ನೆಲದ ಪ್ರತಿಫಲನದ ಬೆಲೆಯನ್ನು 0.0000275ರಿಂದ ಗುಣಿಸಿ 0.2 ಕಳೆಯಬೇಕು.

ಹೊಗೆ ದಟ್ಟವಾಗಿದ್ದ ದಿನವೇ ಎಒಡಿ ಖಾಲಿ

ಎಒಡಿ, ಅಂದರೆ ಗಾಳಿಯಲ್ಲಿನ ಕಣಗಳ (ಏರೋಸಾಲ್) ದಟ್ಟಣೆಯ ಸಂಖ್ಯೆಯಲ್ಲಿ −28.672 ಕಂಡರೆ ಮೊದಲು ಅದನ್ನು ಸರಿಪಡಿಸಿ: ಮೇಯಾಕ್‌ನ ಎಂಸಿಡಿ19ಎ2 ಫೈಲಿನಲ್ಲಿ ಖಾಲಿ ಜಾಗದ ಬೆಲೆ −28672, ಗುಣಕ 0.001. ಖಾಲಿಯನ್ನು ತೆಗೆಯುವ ಮೊದಲೇ ಗುಣಿಸಿದ್ದೀರಿ. ಸರಾಸರಿಯಲ್ಲಿ ಇಂಥ ಒಂದೇ ಒಂದು ಬೆಲೆ ಸೇರಿದರೂ ಇಡೀ ತಿಂಗಳು ಕೆಡುತ್ತದೆ.

ನಿಜವಾಗಿಯೂ ಖಾಲಿ ಇದ್ದರೆ, ಬೆಂಕಿಯ ಹತ್ತಿರದ ಬಿಳಿ ದಟ್ಟ ಹೊಗೆಯನ್ನು ಅಲ್ಗಾರಿದಂ ಮೋಡವೆಂದು ತೆಗೆದುಹಾಕಿರುವ ಸಾಧ್ಯತೆ ದೊಡ್ಡದು. ಅತ್ಯುತ್ತಮ ಗುಣಮಟ್ಟದ ಪಿಕ್ಸೆಲ್ ಮಾತ್ರ ಎಂಬ ಶೋಧಕವೂ ಮೋಡದ ಪಕ್ಕದವನ್ನು ಬಿಸಾಡುತ್ತದೆ. ಪರಿಣಾಮವಾಗಿ ಅತಿ ಕೆಟ್ಟ ದಿನಗಳೇ ಸರಾಸರಿಯಿಂದ ಹೊರಬೀಳುತ್ತವೆ, ಹೊಗೆಯ ತಿಂಗಳು ಸ್ವಚ್ಛವಾಗಿ ಕಾಣುತ್ತದೆ. ಶೋಧಕವನ್ನು ಒಂದು ಹಂತ ಸಡಿಲಿಸಿ, ಮರಳಿ ಬಂದ ಪಿಕ್ಸೆಲ್‌ಗಳನ್ನು ಬಣ್ಣದ ಚಿತ್ರದ ಮೇಲಿಟ್ಟು ನೋಡಿ. ನಂತರ ಟ್ರೋಪೋಮಿಯ ನೇರಳಾತೀತ ಏರೋಸಾಲ್ ಸೂಚ್ಯಂಕ ತೆಗೆಯಿರಿ; ಮೋಡದ ಮೇಲಿದ್ದರೂ ಹೀರುವ ಕಣಗಳನ್ನು ಅದು ಧನ ಬೆಲೆಯಾಗಿ ತೋರಿಸುತ್ತದೆ. ಟ್ರೋಪೋಮಿಯ ನೈಟ್ರೋಜನ್ ಡೈಆಕ್ಸೈಡ್‌ಗೆ ಗುಣಮಟ್ಟದ ಬೆಲೆ 0.75ಕ್ಕಿಂತ ಹೆಚ್ಚು, ಇಂಗಾಲದ ಮಾನಾಕ್ಸೈಡ್‌ಗೆ 0.5ಕ್ಕಿಂತ ಹೆಚ್ಚು ಇರಬೇಕೆಂಬುದು ಸಾಮಾನ್ಯ ಸಲಹೆ. 2019ರ ಆಗಸ್ಟ್ 6ರಿಂದ ಅದರ ನೈಟ್ರೋಜನ್ ಡೈಆಕ್ಸೈಡ್ ಪಿಕ್ಸೆಲ್ 7 × 3.5ರಿಂದ 5.5 × 3.5 ಕಿ.ಮೀ.ಗೆ ಇಳಿಯಿತು, ಆದ್ದರಿಂದ ಆ ದಿನದ ಹಿಂದು ಮುಂದಿನ ಗರಿಷ್ಠ ಬೆಲೆಗಳನ್ನು ನೇರವಾಗಿ ಹೋಲಿಸಬೇಡಿ.

ಉಪಗ್ರಹ ಹೊಗೆ ಎನ್ನುತ್ತದೆ, ನೆಲದ ಮಾಪಕ ಗಾಳಿ ಚೆನ್ನಾಗಿದೆ ಎನ್ನುತ್ತದೆ

ಎರಡೂ ಸರಿಯಿರಬಹುದು. ಎಒಡಿ ನೆಲದಿಂದ ಆಕಾಶದವರೆಗಿನ ಇಡೀ ಕಂಬದ ಮೊತ್ತ. ಪಿಎಂ2.5, ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳ ಪ್ರಮಾಣ, ಮೂಗಿನ ಮಟ್ಟದ್ದು. ದೂರದಿಂದ ಬಂದ ಹೊಗೆ ಎತ್ತರದಲ್ಲೇ ಹಾದುಹೋದರೆ ಆಕಾಶ ಮಬ್ಬಾಗಿರುತ್ತದೆ, ನೆಲದಲ್ಲಿ ಉಸಿರಿಗೆ ತೊಂದರೆ ಇರುವುದಿಲ್ಲ. ಇಆರ್‌ಎ5ನ ಗಡಿಪದರದ (ನೆಲದ ಗಾಳಿ ಕಲಕಿ ಬೆರೆಯುವ ಕೆಳಪದರದ) ಎತ್ತರವನ್ನು ಪಕ್ಕದಲ್ಲಿಡಿ. ಹೊಗೆಪದರ ಎಷ್ಟು ಎತ್ತರದಲ್ಲಿತ್ತೆಂದು 2023ರ ಮಧ್ಯದವರೆಗಿನ ಘಟನೆಗಳಿಗೆ ಕ್ಯಾಲಿಪ್ಸೋ ಉಪಗ್ರಹದ ಲೈಡಾರ್ (ಲೇಸರ್ ಅಳತೆ ಉಪಕರಣ) ಹೇಳಬಲ್ಲದು. ಆ ವರ್ಷ ಅದರ ಕೆಲಸ ಮುಗಿಯಿತು.

ಉಲ್ಟಾ ಸ್ಥಿತಿಯಲ್ಲಿ, ಅಂದರೆ ನೆಲದಲ್ಲಿ ಹೊಗೆ ಹೆಚ್ಚು, ಎಒಡಿ ಕಡಿಮೆ ಇದ್ದರೆ, ಹೊತ್ತು ನೋಡಿ. ರಾತ್ರಿ ಮತ್ತು ಮುಂಜಾನೆ ಕಣಿವೆಯಲ್ಲಿ ಕೂತ ಹೊಗೆ ಮಧ್ಯಾಹ್ನ ಉಪಗ್ರಹ ಬರುವಷ್ಟರಲ್ಲಿ ಚದುರಿರುತ್ತದೆ. 24 ಗಂಟೆಯ ಸರಾಸರಿಯನ್ನು ಒಂದು ಕ್ಷಣದ ಎಒಡಿಯೊಂದಿಗೆ ಹೋಲಿಸದೆ, ಉಪಗ್ರಹ ಹಾದ ಹೊತ್ತಿನ ಹಿಂದು ಮುಂದಿನ ಒಂದು ಗಂಟೆಯ ಪಿಎಂ2.5 ತೆಗೆದುಕೊಳ್ಳಿ.

ನೆಲದ ಮಾಪಕದ ಅಂಕಿಯೇ ಅನುಮಾನಾಸ್ಪದ

−999ರಂಥವು ಖಾಲಿಯ ಗುರುತು. ಸಣ್ಣ ಋಣ ಬೆಲೆಗಳು ಬೇರೆ: ಸ್ವಚ್ಛ ಗಾಳಿಯಲ್ಲಿ ಬೀಟಾ ಕಿರಣದಿಂದ ಕಣ ಅಳೆಯುವ ಮಾಪಕ ಘನ ಮೀಟರಿಗೆ −3, −5 ಮೈಕ್ರೋಗ್ರಾಂ ತೋರಿಸುವುದು ಸಹಜ ಏರಿಳಿತ, ಅವನ್ನೆಲ್ಲ ಸೊನ್ನೆ ಮಾಡಿದರೆ ಸರಾಸರಿ ಮೇಲಕ್ಕೆ ಸರಿಯುತ್ತದೆ. 985 ಎಂಬ ಬೆಲೆ ಮತ್ತೆ ಮತ್ತೆ ಬಂದರೆ ಅದು ಅಳತೆಯಲ್ಲ. ಹೆಚ್ಚು ಬಳಕೆಯಲ್ಲಿರುವ ಒಂದು ಬೀಟಾ ಮಾಪಕದ ಅಳತೆಪಟ್ಟಿ −15ರಿಂದ 985ಕ್ಕೆ ಮುಗಿಯುತ್ತದೆ. ಉಪಕರಣ ಕೆಟ್ಟಾಗಲೂ ಅದೇ ಬರುತ್ತದೆ. ಮುಂಚಿನ ಗಂಟೆಗಳು 600, 800 ಎಂದು ಏರುತ್ತಾ ಬಂದಿದ್ದರೆ ನಿಜವಾಗಿಯೂ ಮಿತಿ ಮೀರಿರಬಹುದು. 20, 25ರ ನಡುವೆ ಒಂಟಿಯಾಗಿ 985 ಬಂದರೆ ದೋಷ. ಹಲವು ಗಂಟೆ ಒಂದೇ ಅಂಕಿ ನಿಂತಿದ್ದರೆ ಸಂಪರ್ಕ ಕಡಿದಿದೆ.

ಸಿಕ್ಕಿರುವುದು ಸಾಂದ್ರತೆಯೇ, ಗಾಳಿ ಗುಣಮಟ್ಟದ ಸೂಚ್ಯಂಕವಾದ ಎಕ್ಯೂಐಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಎಕ್ಯೂಐ ಸೂತ್ರ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕ 2024ರ ಮೇ ತಿಂಗಳಲ್ಲಿ ಪಿಎಂ2.5ರ ಉತ್ತಮ ದರ್ಜೆಯ ಮೇಲ್ಮಿತಿಯನ್ನು 12ರಿಂದ 9 ಮೈಕ್ರೋಗ್ರಾಂಗೆ ಇಳಿಸಿದ್ದರಿಂದ ಅದೇ ಗಾಳಿಗೆ ಆಮೇಲೆ ಹೆಚ್ಚು ಎಕ್ಯೂಐ ಬರುತ್ತದೆ. ಸಂಶೋಧನೆಗೆ ಯಾವಾಗಲೂ ಸಾಂದ್ರತೆಯನ್ನೇ ಬಳಸಿ. ಇಂಗಾಲದ ಮಾನಾಕ್ಸೈಡ್ ಪಿಪಿಎಂನಲ್ಲಿದೆಯೇ, ಘನ ಮೀಟರಿಗೆ ಮಿಲಿಗ್ರಾಂನಲ್ಲಿದೆಯೇ ನೋಡಿ. 25 ಡಿಗ್ರಿಯಲ್ಲಿ 1 ಪಿಪಿಎಂ ಎಂದರೆ 1.145 ಮಿಲಿಗ್ರಾಂ.

ಅಗ್ಗದ ಲೇಸರ್ ಸೆನ್ಸರ್‌ಗಳು ಹೊಗೆಯಲ್ಲಿ ಹೆಚ್ಚು ತೋರಿಸುತ್ತವೆ. ಇಂಥ ಒಂದು ಸೆನ್ಸರ್ ಪರ್ಪಲ್‌ಏರ್‌ನಲ್ಲಿ ಎ ಮತ್ತು ಬಿ ಎಂಬ ಎರಡು ಚಾನಲ್‌ಗಳಿವೆ. 24 ಗಂಟೆಯ ಸರಾಸರಿಯಲ್ಲಿ ಅವುಗಳ ವ್ಯತ್ಯಾಸ 5 ಮೈಕ್ರೋಗ್ರಾಂ ಮತ್ತು ಶೇ 61 ಎರಡನ್ನೂ ದಾಟಿದರೆ ಆ ದಿನವನ್ನು ಕೈಬಿಡಿ. ಉಳಿದದ್ದಕ್ಕೆ ಅಮೆರಿಕದ ಪರಿಸರ ಸಂಸ್ಥೆಯ ತಿದ್ದುಪಡಿ ಹಾಕಿ: 0.524 × ಸಿಎಫ್1 ಬೆಲೆ − 0.0862 × ಸಾಪೇಕ್ಷ ಆರ್ದ್ರತೆ + 5.75. ಸೆನ್ಸರ್ 100 ಎಂದಾಗ ಆರ್ದ್ರತೆ ಶೇ 40 ಇದ್ದರೆ ಉತ್ತರ ಸುಮಾರು 55. ಸಿಎಫ್1 ಮತ್ತು ಎಟಿಎಂ ಈ ಸೆನ್ಸರ್ ಕೊಡುವ ಎರಡು ಬಗೆಯ ಪಿಎಂ2.5 ಕಾಲಂಗಳು, ಸೂತ್ರ ಸಿಎಫ್1 ಕಾಲಂಗೆ ಮಾತ್ರ. ಎಟಿಎಂ ಕಾಲಂಗೆ ಹಾಕಿದರೆ ಹೊಗೆಯ ದಿನಗಳಲ್ಲಿ ಬೆಲೆ ಅತಿ ಕಡಿಮೆಯಾಗುತ್ತದೆ. 343ಕ್ಕಿಂತ ಮೇಲಿನ ದಟ್ಟ ಹೊಗೆಗೆ ಇದು ಸಾಲದು, ವರ್ಗಪದವಿರುವ ಬೇರೆ ಸೂತ್ರವಿದೆ. ಈ ತಿದ್ದುಪಡಿ ರೂಪುಗೊಂಡದ್ದು ಅಮೆರಿಕದ ಮಾಪಕಗಳ ಹೋಲಿಕೆಯಲ್ಲಿ. ಬೇರೆ ಕಡೆ ಬಳಸುವವರು ಹತ್ತಿರದ ಪ್ರಮಾಣಿತ ಮಾಪಕದ ಪಕ್ಕದಲ್ಲಿಟ್ಟು ಪರೀಕ್ಷಿಸಬೇಕು.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಈ ಡೇಟಾವನ್ನು ನೋಡಿ ಯಾರೂ ಬೆಂಕಿಯ ಹತ್ತಿರ ಹೋಗಬಾರದು, ಊರು ಬಿಡಬೇಕೇ ಬೇಡವೇ ಎಂದು ನಿರ್ಧರಿಸಬಾರದು. ತ್ವರಿತ ಡೇಟಾ ಕೂಡ ಸಾಮಾನ್ಯವಾಗಿ ಸುಮಾರು 3 ಗಂಟೆ ಹಳೆಯದು, ಅಷ್ಟರಲ್ಲಿ ಗಾಳಿ ಬೀಸಿದರೆ ಬೆಂಕಿ ಹಲವು ಕಿಲೋಮೀಟರ್ ದಾಟಿರುತ್ತದೆ. ಆ ನಿರ್ಧಾರ ಸ್ಥಳೀಯ ಅಗ್ನಿಶಾಮಕ ಮತ್ತು ಅರಣ್ಯ ಅಧಿಕಾರಿಗಳದ್ದು. ಹೊಗೆಯಲ್ಲಿ ಸೆನ್ಸರ್ ಪರೀಕ್ಷಿಸಲು ಹೊರಗೆ ಹೋಗುವವರು ಎನ್95 ಮುಖಗವಸು ಹಾಕಲಿ, ಒಬ್ಬರೇ ಹೋಗದಿರಲಿ. ಮನೆಗಳ ಸೆನ್ಸರ್ ಡೇಟಾ ಬಳಸಿದರೆ ನಕ್ಷೆಯಲ್ಲಿ ನಿಖರ ಸ್ಥಾನ ತೋರಿಸಬೇಡಿ.

ಪರೀಕ್ಷಾ ಚೌಕಟ್ಟು ಸರಿಯಾಗಿ ಓಡಿ, ಎರಡು ಕಂಪ್ಯೂಟರಿನಲ್ಲಿ ಒಂದೇ ತಪ್ಪು ಬಂದು, ಡೇಟಾ ಪುಟದ ತಿಳಿದ ದೋಷಗಳ ಪಟ್ಟಿಯಲ್ಲೂ ಉತ್ತರ ಇಲ್ಲದಿದ್ದರೆ ಇನ್ನು ಕೋಡ್ ತಿದ್ದುತ್ತಾ ಕೂರಬೇಡಿ. ನಾಸಾ ಡೇಟಾಕ್ಕೆ ಅರ್ಥ್‌ಡೇಟಾ ಫೋರಂ, ಇಆರ್‌ಎ5ಗೆ ಅದನ್ನು ತಯಾರಿಸುವ ಯುರೋಪಿನ ಹವಾಮಾನ ಕೇಂದ್ರ ಇಸಿಎಂಡಬ್ಲ್ಯುಎಫ್‌ನ ಬೆಂಬಲ ವಿಭಾಗ, ಮಾಪಕಗಳಿಗೆ ಅವನ್ನು ನಡೆಸುವ ಸಂಸ್ಥೆ. ಓಪನ್‌ಎಕ್ಯೂ ಬೇರೆಯವರ ಅಂಕಿಗಳನ್ನು ಒಟ್ಟುಗೂಡಿಸುತ್ತದೆ. ಮಾಪಕ ಕೆಟ್ಟಿದ್ದರೆ ಅದನ್ನು ಅಲ್ಲಿ ಸರಿಪಡಿಸಲಾಗದು.

ಕೇಳುವಾಗ ಫೈಲಿನ ಪೂರ್ತಿ ಹೆಸರು, ಆವೃತ್ತಿ, ಯುಟಿಸಿ ಸಮಯ, ಚೌಕಟ್ಟಿನ ನಾಲ್ಕು ಸಂಖ್ಯೆಗಳು, ದೋಷ ಸಂದೇಶದ ಯಥಾಪ್ರತಿ, ತಪ್ಪನ್ನು ಮರಳಿ ತೋರಿಸುವ ಹತ್ತಿಪ್ಪತ್ತು ಸಾಲಿನ ಕೋಡ್ ಕಳಿಸಿ. ಕಳಿಸುವ ಮುನ್ನ ಆ ಕೋಡಿನಿಂದ ನಿಮ್ಮ ಕೀ ಮತ್ತು ಟೋಕನ್ ಅಳಿಸಿ. ಈಗಾಗಲೇ ಎಲ್ಲಾದರೂ ಬಹಿರಂಗವಾಗಿದ್ದರೆ ಅಳಿಸಿದರೆ ಸಾಲದು, ಅದನ್ನು ರದ್ದು ಮಾಡಿಸಿ ಹೊಸದನ್ನು ಪಡೆಯಿರಿ.